ಗಂಜಿ ಕೇಂದ್ರ ಮತ್ತೆ ಸಾಲಿಯಾದದ್ದು

2019ರ ಆಗಸ್ಟಿನಲ್ಲಿ ಮಲಪ್ರಭೆ ಊರುಗಳ ಒಳಗೆ ಬಂದಾಗ ನಾನು ಬಾಗಲಕೋಟೆ ಜಿಲ್ಲೆಯ ಒಂದು ಕ್ಲಸ್ಟರಿನ ಸಿಆರ್‌ಪಿ ಆಗಿದ್ದೆ. ಶಿಕ್ಷಣ ಇಲಾಖೆಯ ಹೊರಗಿನವರಿಗೆ ಸಿಆರ್‌ಪಿ ಅಂದರೆ ಯಾರು ಅಂತ ಗೊತ್ತಿರಲಿಕ್ಕಿಲ್ಲ. ಒಂದಷ್ಟು ಶಾಲೆಗಳ ನಡುವೆ ಬೈಕ್ ಓಡಿಸಿಕೊಂಡು, ಮೇಲಿನವರ ಆದೇಶ ಕೆಳಗೆ ಮುಟ್ಟಿಸಿ, ಕೆಳಗಿನವರ ತಕರಾರು ಮೇಲೆ ಮುಟ್ಟಿಸುವ ಶಿಕ್ಷಕ. ಅಧಿಕಾರ ಯಾರ ಮೇಲೂ ಇಲ್ಲ, ಬೈಗುಳ ಮಾತ್ರ ಎರಡೂ ಕಡೆಯಿಂದ.

ಆ ವರ್ಷದ ನೆರೆಯ ಕಥೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ಕಡೆ ವರ್ಷದ ಬಹುಪಾಲು ಸೊರಗಿದ ಹೊಳೆ. ಅಂಥ ಹೊಳೆ ನವಿಲುತೀರ್ಥದ ಡ್ಯಾಂ ತುಂಬಿ ನೀರು ಬಿಟ್ಟ ಮೇಲೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ಗೋಕಾಕ ಪಟ್ಟಣ ಮುಳುಗಿತು. ನಾನು ಬರೆಯಹೊರಟಿರುವುದು ನೀರು ಇಳಿದ ಮೇಲಿನ ತಿಂಗಳುಗಳ ಬಗ್ಗೆ. ಟಿವಿಯವರು ಹೋದ ಮೇಲೆ ಶಾಲೆಗಳನ್ನು ಮತ್ತೆ ಶುರುಮಾಡುವ ಕೆಲಸದಲ್ಲಿ ಒಂದು ಇಂಗ್ಲಿಷ್ ಕೈಪಿಡಿ ನಮಗೆ ಎಷ್ಟು ಕೆಲಸಕ್ಕೆ ಬಂತು, ಎಲ್ಲಿ ಬರಲಿಲ್ಲ ಅನ್ನುವ ಬಗ್ಗೆ.

ಕೈಪಿಡಿ ನನ್ನ ಕೈಗೆ ಬಂದದ್ದು ತಾಲ್ಲೂಕು ಕಚೇರಿಯ ಒಂದು ಸಭೆಯಲ್ಲಿ. ಹೊರಗಿನಿಂದ ಬಂದಿದ್ದ ಸ್ವಯಂಸೇವಾ ಸಂಸ್ಥೆಯ ಹುಡುಗಿಯೊಬ್ಬಳು, 'ಸರ್, ನೀವಾದರೂ ಓದಿ' ಅಂತ ಜೆರಾಕ್ಸ್ ಪ್ರತಿ ಕೊಟ್ಟಳು. ಐಎನ್‌ಇಇ ಎಂಬ ಅಂತರರಾಷ್ಟ್ರೀಯ ಜಾಲ ಸಿದ್ಧಪಡಿಸಿದ ಕನಿಷ್ಠ ಮಾನದಂಡಗಳು. ಯುದ್ಧ, ಭೂಕಂಪ, ನೆರೆ ಏನೇ ಬಂದರೂ ಮಕ್ಕಳ ಕಲಿಕೆ ನಿಲ್ಲಬಾರದು, ನಿಂತರೆ ಹೇಗೆ ಮತ್ತೆ ಹಿಡಿಯಬೇಕು ಅನ್ನುವುದು ಅದರ ವಿಷಯ. 2000ದಲ್ಲಿ ಡಕಾರ್‌ನ ವಿಶ್ವ ಶಿಕ್ಷಣ ವೇದಿಕೆಯಿಂದ ಈ ಜಾಲ ಹುಟ್ಟಿತು. ಮಾನದಂಡಗಳು ಮೊದಲು ಬಂದದ್ದು 2004ರ ಡಿಸೆಂಬರಿನಲ್ಲಿ. ಅದೇ ತಿಂಗಳ ಕೊನೆಗೆ ಸುನಾಮಿ ಬಂತು. ನಮ್ಮ ಕೈಲಿದ್ದದ್ದು 2010ರ ಪರಿಷ್ಕೃತ ಆವೃತ್ತಿ. ಅದರಲ್ಲಿ ಒಟ್ಟು 19 ಮಾನದಂಡಗಳು, ಐದು ಭಾಗಗಳಲ್ಲಿ.

ಮೊದಲ ಸಲ ತಿರುವಿ ಹಾಕಿದಾಗ ನನಗೆ ಸಿಟ್ಟೇ ಬಂತು ಅನ್ನಬೇಕು. ಗೋಡೆ ಬಿದ್ದಿದೆ, ಹಲಗೆ ಕೊಚ್ಚಿ ಹೋಗಿದೆ, ಇವರು ನೋಡಿದರೆ ಸಮುದಾಯದ ಪಾಲ್ಗೊಳ್ಳುವಿಕೆ, ಸಮನ್ವಯ, ವಿಶ್ಲೇಷಣೆ ಅಂತ ಪುಟಗಟ್ಟಲೆ ಬರೆದಿದ್ದಾರೆ. 19ರಲ್ಲಿ ಮೊದಲ 7 ಮಾನದಂಡಗಳು ಇವೇ. ತರಗತಿಯ ಕೋಣೆಯ ಮಾತು ಬರುವುದೇ ಆಮೇಲೆ. ಈ ಕ್ರಮ ಯಾಕೆ ಹೀಗಿದೆ ಅನ್ನುವುದು ಮುಂದಿನ ವಾರ ಮೂರು ಊರುಗಳಲ್ಲಿ ತಿರುಗಿದ ಮೇಲೆ ಅರ್ಥವಾಯಿತು.

ನಮ್ಮ ಮುಂದಿದ್ದ ಮೊದಲ ಗಂಟು ಶಾಲೆಯ ಕಟ್ಟಡದ್ದೇ. ದಂಡೆಯ ಮೇಲಿನ ಶಾಲೆಗಳು ಮುಳುಗಿದ್ದವು, ಎತ್ತರದಲ್ಲಿದ್ದ ಶಾಲೆಗಳಲ್ಲಿ ಜನ ತುಂಬಿದ್ದರು. ಸರಕಾರಿ ಕಾಗದದಲ್ಲಿ ಪರಿಹಾರ ಕೇಂದ್ರ, ಜನರ ಬಾಯಲ್ಲಿ ಗಂಜಿ ಕೇಂದ್ರ. ಎಂಟು ಕೋಣೆಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದೊಂದು ಕೋಣೆಗೆ ನಾಲ್ಕೈದು ಮನೆತನ, ಜಗಲಿಯ ಕಂಬಕ್ಕೆ ಎಮ್ಮೆ, ಬಿಸಿಯೂಟದ ಅಡುಗೆಮನೆಯಲ್ಲಿ ಇಡೀ ಊರಿನ ಒಲೆ. ನೀರು ಇಳಿದು ಎರಡು ವಾರ ಕಳೆಯುವಷ್ಟರಲ್ಲಿ ಮೇಲಿನಿಂದ ಫೋನು ಬರತೊಡಗಿತು: ಶಾಲೆ ಯಾವಾಗ ಶುರು? ಕೆಳಗಿನ ಹಂತದಲ್ಲಿ ಈ ಪ್ರಶ್ನೆಗೆ ಒಂದೇ ಅರ್ಥ: ಜನರನ್ನು ಯಾವಾಗ ಎಬ್ಬಿಸುತ್ತೀರಿ?

ನಾನು ಹೋದಾಗ ಒಬ್ಬ ಅಜ್ಜ ಕುಳಿತಲ್ಲಿಂದಲೇ ಕೇಳಿದ. 'ಏನ್ರಿ ಸರ, ನಮ್ಮನ್ನ ಹೊರಗ ಹಾಕಾಕ ಬಂದೀರೇನ್ರಿ? ಎಲ್ಲಿ ಹೋಗೂನ್ರಿ, ಮನಿ ಮಾಳಗಿ ನೆಲಕ್ಕ ಕುಂತೈತಿ.'

ಅವನ ಮಾತು ನಿಜ. ನಮ್ಮ ಕಡೆ ಹಳೆಯ ಮನೆಗಳೆಲ್ಲ ಕಲ್ಲು, ಮಣ್ಣಿನ ಗಾರೆ, ಮೇಲೆ ಮಣ್ಣಿನ ಮಾಳಿಗೆ. ಇಂಥ ಗೋಡೆ ನೀರಲ್ಲಿ ನಿಂತಾಗ ಬೀಳುವುದಕ್ಕಿಂತ ನೀರು ಇಳಿದು ಒಣಗುವಾಗ ಬೀಳುವುದು ಹೆಚ್ಚು. ಬಿಸಿಲು ಬಿತ್ತು, ನೆಲ ಒಣಗಿತು, ಇನ್ನು ಮನೆಗೆ ಹೋಗಿ ಅಂತ ಹೇಳುವುದು ಆ ದಿನಗಳಲ್ಲಿ ಎಲ್ಲಕ್ಕಿಂತ ಅಪಾಯದ ಸಲಹೆಯಾಗಿತ್ತು. ಶಾಲೆಗಳ ವಿಷಯದಲ್ಲೂ ಅಷ್ಟೇ. ಮುಳುಗಿದ್ದ ಒಂದು ಶಾಲೆಯ ಗೋಡೆ ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಎಂಜಿನಿಯರರು ಬಂದು ನೋಡಿ ಎರಡು ಕೋಣೆಗೆ ಕೆಂಪು ಗುರುತು ಹಾಕಿ ಹೋದರು.

ಕೈಪಿಡಿಯ ಮೊದಲ ಮಾನದಂಡದಂತೆ ಊರವರನ್ನು ಕೂರಿಸಿದೆವು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಗ್ರಾಮ ಪಂಚಾಯಿತಿಯವರು, ಕೋಣೆಗಳಲ್ಲಿದ್ದ ಮನೆತನಗಳಿಂದ ಒಬ್ಬೊಬ್ಬರು, ಮುಖ್ಯವಾಗಿ ಹೆಂಗಸರು. ನಾನು ಕೇಳಿದ್ದು 'ಯಾವಾಗ ಖಾಲಿ ಮಾಡುತ್ತೀರಿ' ಅಂತಲ್ಲ, 'ಹುಡುಗರಿಗೆ ಎಲ್ಲಿ ಕಲಿಸೋಣ' ಅಂತ. ಈ ಒಂದು ಬದಲಾವಣೆಯಿಂದ ಸಭೆಯ ಗತಿಯೇ ಬದಲಾಯಿತು. ಮಾತು ಮಾತಿಗೆ ಬಂದು, ಎಂಟರಲ್ಲಿ ಮೂರು ಕೋಣೆಯನ್ನು ಜನರೇ ಒತ್ತಿಕೊಂಡು ಕುಳಿತು ಬಿಟ್ಟುಕೊಟ್ಟರು. ಗುಡಿಯ ಮುಂದಿನ ಸಮುದಾಯ ಭವನವನ್ನು ಹಗಲು ಹೊತ್ತು ಒಂದರಿಂದ ಮೂರನೇ ತರಗತಿಗೆ ಕೊಡಿಸಿದವರು ಗುಡಿಯ ಪಂಚರು. ಒಬ್ಬ ತಾಯಿ ಅಂದಳು: 'ಹಗಲಿಡೀ ಇಲ್ಲೇ ಜಗಳಾ ಆಡ್ತಾವ್ರಿ ಹುಡುಗ್ರು. ನೀವು ಕರಕೊಂಡು ಕುಂತ್ರ ನಾವರೆ ಮನಿ ಕಡಿ ಹೋಗಿ ರಾಡಿ ತಗೀತೀವಿ.' ಶಾಲೆ ಶುರುವಾಗಲಿ ಅಂತ ನಮಗಿಂತ ಅವರಿಗೇ ಅವಸರ ಇತ್ತು. ಕೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ದಂಡೆಯ ಊರಿನ ಮಕ್ಕಳನ್ನು ಇದೇ ಶಾಲೆಗೆ ಎರಡನೇ ಪಾಳಿಯಲ್ಲಿ ಸೇರಿಸಿಕೊಂಡೆವು. ಬೆಳಗಿನ ಪಾಳಿ ಈ ಊರಿಗೆ, ಮಧ್ಯಾಹ್ನದ್ದು ಆ ಊರಿಗೆ. ಎರಡರ ನಡುವೆ ಎಲ್ಲರಿಗೂ ಒಟ್ಟಿಗೆ ಬಿಸಿಯೂಟ. ಊಟದ ಲೆಕ್ಕ ಬರೆಯುವ ಮುಖ್ಯಗುರುಗಳಿಗೆ ತಲೆ ಕೆಟ್ಟುಹೋಯಿತು. ಎರಡು ಶಾಲೆ, ಎರಡು ಡೈಸ್ ಕೋಡು (ಶಾಲೆಯ ಗುರುತಿನ ಸಂಖ್ಯೆ), ಅಕ್ಕಿ ಮಾತ್ರ ಒಂದೇ ಕೊಪ್ಪರಿಗೆಯಲ್ಲಿ.

ಶೌಚಾಲಯದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಪಿಡಿಯೊಳಗೆ ವಿಪತ್ತಿನ ನೆರವಿಗೆ ಇರುವ ಸ್ಫಿಯರ್ ಎಂಬ ಇನ್ನೊಂದು ಮಾನದಂಡ ಸಂಹಿತೆಯ ಅಂಕಿಗಳನ್ನೂ ಕೊಟ್ಟಿದ್ದಾರೆ: 30 ಹುಡುಗಿಯರಿಗೆ ಒಂದು ಶೌಚಾಲಯ, 60 ಹುಡುಗರಿಗೆ ಒಂದು, ಮಗುವಿಗೆ ದಿನಕ್ಕೆ ಕುಡಿಯಲು ಮತ್ತು ಕೈ ತೊಳೆಯಲು ಕನಿಷ್ಠ 3 ಲೀಟರ್ ನೀರು. ನೀರಿಗೆ ಟ್ಯಾಂಕರ್ ಬರುತ್ತಿತ್ತು. ಶೌಚಾಲಯಕ್ಕೆ ತಗಡಿನ ಗೂಡುಗಳನ್ನು ತಂದು ನಿಲ್ಲಿಸಿದರು, ಲೆಕ್ಕ ಸರಿಹೋಯಿತು. ಹಾಜರಿಯಲ್ಲಿ ನೋಡಿದರೆ ಆರು, ಏಳು, ಎಂಟನೇ ತರಗತಿಯ ಹುಡುಗಿಯರೇ ಇಲ್ಲ. ಮನೆಯವರು ಕೂಲಿಗೆ ಕಳಿಸಿದ್ದಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಇಟ್ಟುಕೊಂಡಿದ್ದಾರೆ ಅಂತ ನಾವು ಶಿಕ್ಷಕರು ನಮ್ಮ ನಮ್ಮಲ್ಲೇ ಕಾರಣ ಕಟ್ಟಿದೆವು.

ಕಾರಣ ಹೇಳಿದ್ದು ಒಬ್ಬ ಅಜ್ಜಿ, ಅದೂ ಸಭೆ ಮುಗಿದು ಚಹಾ ಕುಡಿಯುವಾಗ. 'ಹೆಣ್ಣುಡುಗ್ರು ಯಾಕ ಬರವಲ್ರು ಅಂತ ಕೇಳ್ತೀರಲ್ಲ, ಪಾಯಖಾನಿ ಎಲ್ಲಿ ಇಟ್ಟೀರಿ ಒಮ್ಮೆ ಹೋಗಿ ನೋಡ್ರಿ.' ಹೋಗಿ ನೋಡಿದೆ. ಗೂಡುಗಳಿಗೆ ಹೋಗುವ ದಾರಿ ಗಂಡಸರು ಜಳಕ ಮಾಡುವ ಟ್ಯಾಂಕಿನ ಮುಂದಿನಿಂದಲೇ ಹಾದಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಟ್ಯಾಂಕನ್ನು ಎತ್ತಿ ಆಚೆ ಇಡಲು ಹಿಡಿದದ್ದು ಅರ್ಧ ಹಗಲು; ಚಿಲಕ ಬಡಿದವನು ಅದೇ ಕೋಣೆಗಳಲ್ಲಿ ಇದ್ದ ಬಡಿಗ. ಹುಡುಗಿಯರು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ. ಅಂಕಿಯ ಪ್ರಕಾರ ನಾವು ಮೊದಲ ದಿನವೇ ಪಾಸಾಗಿದ್ದೆವು ಅನ್ನುವುದನ್ನು ಮಾತ್ರ ನಾನು ಮರೆತಿಲ್ಲ. ಈ ಕೈಪಿಡಿಯನ್ನು ಟಿಕ್ ಹಾಕುವ ಪಟ್ಟಿ ಅಂದುಕೊಂಡವರಿಗೆ ಅದು ದೊಡ್ಡ ಅನುಕೂಲ, ಎಲ್ಲ ಸರಿಯಿದೆ ಅಂತ ವರದಿ ಬರೆಯಬಹುದು.

ಇನ್ನು ದಾಖಲೆಗಳು. ದಂಡೆಯ ಶಾಲೆಯ ಕಬ್ಬಿಣದ ಕಪಾಟಿನಲ್ಲಿದ್ದ ದಾಖಲಾತಿ ವಹಿಗಳು ನೀರು ಕುಡಿದು ಉಬ್ಬಿ, ಕಪಾಟಿನ ಬಾಗಿಲು ತೆಗೆಯಲಿಕ್ಕೇ ಬರದಂತಾಗಿತ್ತು. ಗಡಾರಿಯಿಂದ ಮೀಟಿ ತೆಗೆದೆವು. ಬಿಸಿಲಿಗೆ ಹಾಕಿದರೆ ಹಾಳೆ ಒಂದಕ್ಕೊಂದು ಅಂಟಿ ಹಲಗೆಯಾಗುತ್ತದೆ ಅಂತ ಹಿರಿಯ ಶಿಕ್ಷಕರೊಬ್ಬರು ತಡೆದರು. ನೆರಳಲ್ಲಿ, ಫ್ಯಾನಿನ ಕೆಳಗೆ, ಹಾಳೆ ಹಾಳೆಗೂ ನಡುವೆ ಹಳೆಯ ಪತ್ರಿಕೆ ಇಟ್ಟು, ಪತ್ರಿಕೆ ಒದ್ದೆಯಾದಂತೆ ಬದಲಿಸುತ್ತ ಕುಳಿತರು ಅವರು ಮತ್ತು ಎಂಟನೇ ತರಗತಿಯ ಇಬ್ಬರು ಹುಡುಗರು. ಬಾಲ್‌ಪೆನ್ನಿನಲ್ಲಿ ಬರೆದ ಹೆಸರುಗಳು ಉಳಿದವು. ಅದಕ್ಕೂ ಹಿಂದೆ ಶಾಯಿ ಪೆನ್ನಿನಲ್ಲಿ, ಚೆಂದದ ದುಂಡು ಅಕ್ಷರದಲ್ಲಿ ಬರೆದದ್ದೆಲ್ಲ ನೀಲಿ ಕಲೆಯಾಗಿ ಹರಡಿಹೋಗಿತ್ತು. ಈಗ ಓದುತ್ತಿರುವ ಮಕ್ಕಳ ವಿವರ ಇಲಾಖೆಯ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಆನ್‌ಲೈನ್ ಇದೆ, ಅದಕ್ಕೆ ತೊಂದರೆ ಇಲ್ಲ. ಆದರೆ ಹುಟ್ಟಿದ ತಾರೀಖಿಗೆ, ಜಾತಿ ಪ್ರಮಾಣಪತ್ರಕ್ಕೆ ಹಳೆಯ ದಾಖಲಾತಿ ಕೇಳಿಕೊಂಡು ಐವತ್ತು ಅರವತ್ತು ವರ್ಷದವರೂ ಶಾಲೆಗೆ ಬರುತ್ತಾರೆ. ನೀಲಿ ಕಲೆಯನ್ನು ತೋರಿಸಿ ಅವರಿಗೆ ಏನು ಹೇಳುವುದು?

ಮಕ್ಕಳನ್ನು ಹುಡುಕುವುದೂ ಒಂದು ಕೆಲಸವೇ ಆಯಿತು. ಕೆಲವರು ಸೋದರಮಾವನ ಊರಿಗೆ, ಕೆಲವರು ತಾಯಿಯ ತವರಿಗೆ ಹೋಗಿದ್ದರು. ಬೆಳೆ ಹೋದ ಮೇಲೆ ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟವರೂ ಇದ್ದರು. ನಮ್ಮ ತಾಲ್ಲೂಕಿಗೆ ಅದು ಹೊಸದಲ್ಲ. ಫೋನ್ ಮಾಡಿ ಕೇಳಿದರೆ ಒಬ್ಬ ತಂದೆ, 'ಇಲ್ಲಿ ಸಾಲ್ಯಾಗ ಟೀಸಿ ಕೇಳಾಕತ್ಯಾರ್ರಿ' ಅಂದ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ನೇರವಾಗಿ ಇದೆ: ವರ್ಗಾವಣೆ ಪತ್ರ ತಡವಾಯಿತು ಅಂತ ಮಗುವಿನ ದಾಖಲಾತಿ ತಡಮಾಡುವ ಹಾಗಿಲ್ಲ, ನಿರಾಕರಿಸುವ ಹಾಗಿಲ್ಲ. ಆ ಸಾಲನ್ನು ವಾಟ್ಸ್‌ಆ್ಯಪ್‌ನಲ್ಲಿ ಆ ಶಾಲೆಯ ಮುಖ್ಯಗುರುಗಳಿಗೆ ಕಳಿಸಿದೆ, ಜತೆಗೆ ಒಂದು ನಮಸ್ಕಾರವನ್ನೂ. ಕೆಲಸ ಆಯಿತು. ಅಂತರರಾಷ್ಟ್ರೀಯ ಕೈಪಿಡಿಯಲ್ಲೂ ಇದೇ ಮಾತಿದೆ, ದಾಖಲೆ ಇಲ್ಲದ ಮಗುವನ್ನು ಹೊರಗಿಡಬೇಡಿ ಅಂತ. ಆದರೆ ಇನ್ನೊಬ್ಬ ಮುಖ್ಯಗುರುಗಳ ಮುಂದೆ ಕೈಪಿಡಿಯನ್ನು ಹಿಡಿದು ವಾದ ಮಾಡಿದರೆ ನಗುತ್ತಾರೆ. ಕಾಯ್ದೆಯ ಸೆಕ್ಷನ್ ಹೇಳಿದರೆ ಕುರ್ಚಿ ಕೊಡುತ್ತಾರೆ. ಹೀಗಾಗಿ ನಾನು ಪ್ರತಿ ಮಾನದಂಡದ ಪಕ್ಕದಲ್ಲಿ ನಮ್ಮ ಯಾವ ಕಾಯ್ದೆ, ಯಾವ ಸುತ್ತೋಲೆ ಅದಕ್ಕೆ ಹೊಂದುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡೆ. ಆ ಜೆರಾಕ್ಸಿಗೆ ಬೆಲೆ ಬಂದದ್ದು ಆ ಪೆನ್ಸಿಲ್ಲಿನ ಟಿಪ್ಪಣಿಗಳಿಂದ.

ಶಿಕ್ಷಕರ ಪಾಡು ಬೇರೆ. ಅದೇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ, ಮೂರು ಕೆಲಸಗಳನ್ನು ಬಿಟ್ಟು: ಜನಗಣತಿ, ಚುನಾವಣೆ, ವಿಪತ್ತು ಪರಿಹಾರ. ನೆರೆಯಲ್ಲಿ ಇಲ್ಲ ಅನ್ನುವ ಹಾಗೇ ಇಲ್ಲ. ಗಂಜಿ ಕೇಂದ್ರದಲ್ಲಿ ಅಕ್ಕಿ ಬೇಳೆಯ ಲೆಕ್ಕ, ಹೊದಿಕೆಯ ಲೆಕ್ಕ, ರಾತ್ರಿ ಪಾಳಿ ಎಲ್ಲ ಮಾಡಿದವರು ಅವರೇ. ಅವರಲ್ಲಿ ಒಬ್ಬ ಟೀಚರ್‌ ಅವರ ಸ್ವಂತ ಮನೆ ಬಿದ್ದಿತ್ತು. ಬಿದ್ದ ಮನೆಗಳ ಸರ್ವೆಗೆ ಅಧಿಕಾರಿಗಳು ಅವರ ಊರಿಗೆ ಬಂದ ದಿನ ಇವರು ಇನ್ನೊಂದು ಊರಿನ ಕೇಂದ್ರದಲ್ಲಿ ಜನರಿಗೆ ರೊಟ್ಟಿ ಹಂಚುತ್ತಿದ್ದರು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಘೋಷಿಸಿದ್ದ ಕಾಲ ಅದು. ಪಟ್ಟಿಯಲ್ಲಿ ಹೆಸರು ಯಾವ ವರ್ಗದಲ್ಲಿ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. 'ನಾ ಅಲ್ಲಿ ಇದ್ದಿದ್ರ ಗ್ವಾಡಿ ತೋರಿಸ್ತಿದ್ನಿ ಸರ' ಅಂತ ಒಮ್ಮೆ ಅಂದರು, ಮತ್ತೆ ಆ ಮಾತು ಎತ್ತಲಿಲ್ಲ. ಶಿಕ್ಷಕರ ಕೆಲಸದ ಸ್ಥಿತಿಗತಿ ಎಂಬ ಮಾನದಂಡ ಕೈಪಿಡಿಯಲ್ಲಿದೆ. ಅದನ್ನಿಟ್ಟುಕೊಂಡು ನಾವು ಮಾಡಲಾದದ್ದು ಒಂದು ಸಣ್ಣ ಕೆಲಸ: ನೆರೆ ಬಾರದ ಊರುಗಳ ಶಿಕ್ಷಕರನ್ನು ವಾರಕ್ಕೊಮ್ಮೆ ಕರೆಸಿ, ನೆರೆಪೀಡಿತ ಶಿಕ್ಷಕರಿಗೆ ತಮ್ಮ ಮನೆಯ ಕಾಗದಪತ್ರಕ್ಕೆ ಓಡಾಡಲು ಒಂದು ದಿನ ಬಿಡುವು ಕೊಡುವ ವ್ಯವಸ್ಥೆ. ಲಿಖಿತ ಆದೇಶ ಸಿಗಲಿಲ್ಲ. ಬಾಯಿಮಾತಿನ ಮೇಲೆ ನಡೆಯಿತು.

ದಾನಿಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಆ ವರ್ಷ ನಾಡಿನ ಮೂಲೆಮೂಲೆಯಿಂದ ರೊಟ್ಟಿ, ಚಾದರ, ಬಟ್ಟೆ ಬಂತು, ಅದನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಆದರೆ ಲಾರಿಗಳೆಲ್ಲ ಡಾಂಬರು ರಸ್ತೆ ಇರುವಲ್ಲಿಗೇ ಬರುತ್ತಿದ್ದವು. ರಸ್ತೆ ಮೇಲಿನ ಶಾಲೆಯಲ್ಲಿ ಒಂದೊಂದು ಮಗುವಿನ ಚೀಲದಲ್ಲೂ ಡಜನ್ನುಗಟ್ಟಲೆ ನೋಟ್‌ಬುಕ್ಕು, ಒಳದಾರಿಯ ಶಾಲೆಯಲ್ಲಿ ಪಾಟಿಗೂ ಬಡತನ. ಸಮನ್ವಯ ಅನ್ನುವ ದೊಡ್ಡ ಮಾತಿಗೆ ನಮ್ಮಲ್ಲಿದ್ದ ರೂಪ ಒಂದೇ ಹಾಳೆ: ಯಾವ ಶಾಲೆ, ಎಷ್ಟು ಮಕ್ಕಳು, ಏನು ಬಂದಿದೆ, ಏನು ಬಂದಿಲ್ಲ. ಅದನ್ನು ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿಯ ಗೋಡೆಗೆ ಅಂಟಿಸಿ, ಫೋಟೋ ತೆಗೆದು, ಕೇಳಿದವರಿಗೆಲ್ಲ ಕಳಿಸಿದೆವು. ಅರ್ಧದಷ್ಟು ದಾನಿಗಳು ಅದನ್ನು ನೋಡಿ ಗಾಡಿ ತಿರುಗಿಸಿದರು. ಉಳಿದವರಿಗೆ ಬ್ಯಾನರ್ ಕಟ್ಟಲು ಜಾಗ ಬೇಕಿತ್ತು.

ಪಾಠದ ವಿಷಯದಲ್ಲಿ ನಮ್ಮನ್ನು ಕಾಪಾಡಿದ್ದು ನಲಿಕಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ತಮ್ಮ ತಮ್ಮ ಮೈಲಿಗಲ್ಲಿನಿಂದಲೇ ಮುಂದುವರಿಯುವ ಪದ್ಧತಿ ಅದು, ಎಲ್ಲರಿಗೂ ಒಂದೇ ಪುಟ ಅನ್ನುವ ಕಟ್ಟು ಇಲ್ಲ. ಎರಡು ಊರಿನ ಮಕ್ಕಳು ಕಲೆತರೂ, ಒಬ್ಬ ತಿಂಗಳು ತಡವಾಗಿ ಬಂದರೂ ತರಗತಿ ಮುರಿಯಲಿಲ್ಲ. ಅದಕ್ಕೆ ಬೇಕಾದ ಕಲಿಕೆಯ ಕಾರ್ಡುಗಳು ಮಾತ್ರ ನೀರುಪಾಲಾಗಿದ್ದವು. ಒಬ್ಬ ಗುರುಮಾತೆ ಊರಿಗೆಲ್ಲ ಹೇಳಿ ಹಳೆಯ ಲಗ್ನಪತ್ರಿಕೆಗಳನ್ನು ತರಿಸಿಕೊಂಡರು. ದಪ್ಪ ರಟ್ಟು, ಹಿಂದೆ ಖಾಲಿ. ಒಂದು ಮಗ್ಗುಲಿಗೆ 'ಬಸವ' ಅಂತ ಅಕ್ಷರ ಕಾರ್ಡು, ತಿರುಗಿಸಿದರೆ ಯಾರದೋ ಮದುವೆ, ಮೇಲೊಬ್ಬ ಗಣಪತಿ. ಮಕ್ಕಳು ಎರಡೂ ಮಗ್ಗುಲನ್ನೂ ಓದಲು ಕಲಿತರು. 'ತಮ್ಮ ಆಗಮನಾಭಿಲಾಷಿಗಳು' ಅನ್ನುವ ಪದವನ್ನು ಮೂರನೇ ತರಗತಿಯ ಹುಡುಗನೊಬ್ಬ ತೊದಲದೆ ಓದಿದ.

ದೊಡ್ಡ ಮಕ್ಕಳಿಗೆ ತಗಡಿನ ಶೆಡ್ಡು. ಮಳೆ ಹನಿದರೆ ಪಾಠ ಕೇಳುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಮೊದಲು ತಗಡಿನ ಮೇಲೆ ಮಳೆ ಸದ್ದಾದರೆ ಕೆಲವು ಮಕ್ಕಳು ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಿದ್ದರು. ಆಪ್ತ ಸಲಹೆ ಕೊಡುವವರು ನಮ್ಮ ತನಕ ಬಂದದ್ದು ಒಂದೇ ಸಲ. ಗಣಿತದ ಮಾಸ್ತರರು ತಮ್ಮದೇ ಉಪಾಯ ಹೂಡಿದರು. ಮಳೆ ಬಂತೆಂದರೆ ಪುಸ್ತಕ ಮುಚ್ಚಿ ಎಲ್ಲರೂ ಮಗ್ಗಿ, ತಗಡಿಗಿಂತ ಜೋರಾಗಿ. ಹನ್ನೆರಡರ ಮಗ್ಗಿಯಿಂದ ಶುರುವಾಗಿ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಮಳೆ ಹಾದುಹೋಗಿರುತ್ತಿತ್ತು. ಕೆಲ ದಿನಗಳಲ್ಲೇ ಮಕ್ಕಳು ಮೋಡ ನೋಡಿ 'ಸರ, ಮಗ್ಗಿ' ಅಂತ ಕೂಗತೊಡಗಿದರು. ಇದು ಯಾವ ಮಾನದಂಡಕ್ಕೆ ಬರುತ್ತದೋ, ವರದಿಯಲ್ಲಿ 'ಮನೋಸಾಮಾಜಿಕ ಬೆಂಬಲ' ಅಂತ ಬರೆದೆ.

ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ 200, ಆರರಿಂದ ಎಂಟಕ್ಕೆ 220 ಶಾಲಾ ದಿನ ಆಗಬೇಕು. ಕಳೆದ ದಿನಗಳನ್ನು ತುಂಬಲು ಶನಿವಾರ ಮಧ್ಯಾಹ್ನವೂ ಶಾಲೆ ನಡೆಸಿದೆವು. ನನ್ನ ಅಭಿಪ್ರಾಯ ಕೇಳಿದರೆ, ದಿನಗಳ ಸಂಖ್ಯೆ ತುಂಬುವುದಕ್ಕಿಂತ ಪಠ್ಯದಲ್ಲಿ ಯಾವುದನ್ನು ಬಿಡಬಹುದು ಅಂತ ಮೊದಲೇ ಕೂತು ತೀರ್ಮಾನಿಸಬೇಕಿತ್ತು. ಬಿಡುವ ಅಧಿಕಾರ ಶಾಲೆಯ ಮಟ್ಟದಲ್ಲಿ ಯಾರಿಗೂ ಇರಲಿಲ್ಲ.

ಅಕ್ಟೋಬರಿನಲ್ಲಿ ಹೊಳೆ ಮತ್ತೆ ಉಕ್ಕಿತು. ಈ ಸಲ ಒಂದಿಷ್ಟು ಸಿದ್ಧತೆ ಇತ್ತು. ಆಗಸ್ಟಿನ ಅನುಭವದ ಮೇಲೆ ಎಸ್‌ಡಿಎಂಸಿ ಮತ್ತು ಪಂಚಾಯಿತಿ ಸೇರಿ ಠರಾವು ಮಾಡಿದ್ದವು: ನೆರೆ ಬಂದರೆ ಮೊದಲು ಸಮುದಾಯ ಭವನ, ಆಮೇಲೆ ಗುಡಿಯ ಪಡಸಾಲೆ, ಅವು ತುಂಬಿದರೆ ಮಾತ್ರ ಶಾಲೆ, ಶಾಲೆಯಲ್ಲೂ ಮೂರು ಕೋಣೆ ಮುಟ್ಟುವಂತಿಲ್ಲ. ಕೀಲಿ ಯಾರ ಹತ್ತಿರ, ವಹಿಗಳನ್ನು ಎತ್ತರದ ಮನೆಗೆ ಸಾಗಿಸುವವರು ಯಾರು, ಬಿಸಿಯೂಟದ ಅಕ್ಕಿ ಎಲ್ಲಿ, ಎಲ್ಲ ಹೆಸರು ಸಮೇತ ಬರೆದು ಆಗಿತ್ತು. ಎತ್ತರದ ಊರಿನ ಶಾಲೆ ಹೆಚ್ಚು ದಿನ ಮುಚ್ಚಲಿಲ್ಲ. ದಂಡೆಯ ಊರಿನ ತಗಡಿನ ಶೆಡ್ಡಿಗೆ ಮಾತ್ರ ಮತ್ತೆ ನೀರು ಬಂತು, ಏಕೆಂದರೆ ಅದನ್ನು ಕಟ್ಟಿಸಿದ್ದು ಹಳೆಯ ಶಾಲೆಯ ಮಗ್ಗುಲಲ್ಲೇ. ಜಾಗ ಆರಿಸಿದವರು ಊರವರನ್ನು ಕೇಳಿರಲಿಲ್ಲ.

ಹೊಸ ಕಟ್ಟಡದ ಕಥೆ ಇನ್ನೂ ಉದ್ದ. ಆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಒಂದು ಪ್ರಾಥಮಿಕ ಶಾಲೆಯ ದುರಸ್ತಿಗೆ ಹೆಚ್ಚೆಂದರೆ 1.5 ಲಕ್ಷ. ಸುಣ್ಣ ಬಣ್ಣ, ಬಾಗಿಲು, ನೆಲಹಾಸು ಆಗುತ್ತದೆ. ಬುನಾದಿ ಎತ್ತರಿಸುವುದು ಆಗುವುದಿಲ್ಲ. ಶಾಲೆಯನ್ನೇ ಎತ್ತರಕ್ಕೆ ಸ್ಥಳಾಂತರಿಸಿ ಅಂದರೆ ಊರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಏಳುತ್ತದೆ. 2009ರ ನೆರೆಯ ನಂತರ ಕಟ್ಟಿಕೊಟ್ಟ ಆಸರೆ ಮನೆಗಳು ಹೊಲದಿಂದ ದೂರವಾದವು ಅಂತ ಹಲವು ಮನೆತನಗಳು ಹಳೆಯ ಊರಿನಲ್ಲೇ ಉಳಿದಿದ್ದವು. ಶಾಲೆ ಮೇಲೆ, ಊರು ಕೆಳಗೆ ಆದರೆ ಆರು ವರ್ಷದ ಮಗು ದಿನಾ ಎಷ್ಟು ನಡೆಯಬೇಕು? ಆ ಸಭೆಗಳಲ್ಲಿ ಇದಕ್ಕೆ ಒಮ್ಮತ ಬರಲಿಲ್ಲ. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಕೊರೊನಾದಿಂದ ಎಲ್ಲ ಶಾಲೆಗಳೂ ಮುಚ್ಚಿದವು.

ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದು, ಗುಡಿ, ಪಡಸಾಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಸಣ್ಣ ಗುಂಪು ಮಾಡಿ ಕಲಿಸಿ ಅಂದಾಗ, ಬೇರೆ ಕ್ಲಸ್ಟರಿನವರು ಜಾಗ ಎಲ್ಲಿ ಅಂತ ತಲೆಕೆರೆದುಕೊಳ್ಳುತ್ತಿದ್ದರು. ನಮ್ಮ ಎತ್ತರದ ಊರಿನಲ್ಲಿ ಹಳೆಯ ಠರಾವಿನ ಪಟ್ಟಿಯನ್ನೇ ತೆಗೆದರು. ಅದಕ್ಕೆ ಎರಡು ಹೊಸ ಜಾಗ ಸೇರಿಸಿ, ಹುಡುಗಿಯರ ಗುಂಪಿಗೆ ಶೌಚಾಲಯ ಹತ್ತಿರ ಇರುವ ಮನೆಯನ್ನು ಗೊತ್ತುಮಾಡಿ, ಕೊನೆಗೆ ನನಗೊಂದು ಫೋನು ಮಾಡಿದರು.